ಹಗಲಿನ ಯೂನಿಟ್ಟು ಇರುಳಿಗೆ ಸಾಲುವುದು ಹೇಗೆ? ಸೋಲಾರ್, ಬ್ಯಾಟರಿ, ಗ್ರಿಡ್ ಲೆಕ್ಕ

ಇರುಳುಬೆಳಕು:

ಎಲ್ಲರಿಗೂ ನಮಸ್ಕಾರ. ಸೋಲಾರ್ ಹಾಕಿಸುವ ಮುಂಚೆ ಲೆಕ್ಕ ಸರಿಮಾಡಿಕೊಳ್ಳಬೇಕಿದೆ. ಮನೆಯ ಬಳಕೆ ದಿನಕ್ಕೆ 10 ಯೂನಿಟ್. ಒಡೆದು ಬರೆದರೆ ಹೀಗೆ: ಗೀಸರ್ 3, ಫ್ಯಾನು ಮತ್ತು ದೀಪ 2.3, ಇಂಡಕ್ಷನ್ ಒಲೆ 2, ಫ್ರಿಜ್ 1.2, ಟಿವಿ ಮತ್ತು ಕಂಪ್ಯೂಟರ್ 1, 1 ಎಚ್‌ಪಿ ನೀರಿನ ಪಂಪು 0.5. ಇದರಲ್ಲಿ ಸಂಜೆ 6ರಿಂದ ಬೆಳಿಗ್ಗೆ 8ರೊಳಗೆ ಖರ್ಚಾಗುವುದೇ 7 ಯೂನಿಟ್. ಗೀಸರ್ ಓಡುವುದು ಬೆಳಗಿನ ಜಾವ, ಪಂಪು ಸಂಜೆ.

ಕೇಳಬೇಕಾದ್ದು ಎರಡು. ಒಂದು, 3 ಕಿಲೋವ್ಯಾಟ್ ಪ್ಯಾನೆಲ್ ಜೊತೆ ಬ್ಯಾಟರಿ ಇಟ್ಟರೆ ಗ್ರಿಡ್ ಸಂಪರ್ಕವನ್ನೇ ತೆಗೆಸಿಬಿಡಬಹುದೇ? ಬ್ಯಾಟರಿ ಎಷ್ಟು ದೊಡ್ಡದು ಬೇಕು? ಎರಡು, ಆನ್-ಗ್ರಿಡ್ (ಬ್ಯಾಟರಿ ಇಲ್ಲದೆ ನೇರ ಗ್ರಿಡ್ಡಿಗೆ ಸೇರಿಸಿದ) ಸೋಲಾರ್ ಇರುವ ಮನೆಯಲ್ಲಿ ಸುಡುವ ಬಿಸಿಲಿನಲ್ಲೂ ಕರೆಂಟು ಹೋದರೆ ಸೋಲಾರ್ ಕೂಡ ನಿಂತುಬಿಡುತ್ತದಂತೆ. ಯಾಕೆ?

ಓಮ್‌ಲೆಕ್ಕ:

ಮೊದಲು ಪ್ಯಾನೆಲ್. 540 ವ್ಯಾಟಿನ ಆರು ಪ್ಯಾನೆಲ್ ಎಂದರೆ 3.24 ಕಿಲೋವ್ಯಾಟ್. ಒಂದೊಂದು ಸುಮಾರು 2.6 ಚದರ ಮೀಟರ್. ಓಡಾಡಿ ತೊಳೆಯಲು ಜಾಗ ಬಿಟ್ಟರೆ ಒಟ್ಟು 22ರಿಂದ 25 ಚದರ ಮೀಟರ್ ಬೇಕು. ಪ್ಯಾನೆಲ್ ಮೇಲೆ ಬರೆದಿರುವ 540 ವ್ಯಾಟ್ ಸಿಗುವುದು ಚದರ ಮೀಟರಿಗೆ 1000 ವ್ಯಾಟ್ ಬಿಸಿಲು ಬಿದ್ದು, ಒಳಗಿನ ಸೆಲ್ ಮಾತ್ರ 25 ಡಿಗ್ರಿಯಲ್ಲಿದ್ದಾಗ. ಅಷ್ಟು ಬಿಸಿಲಿನಲ್ಲಿ ಸೆಲ್ 60 ಡಿಗ್ರಿ ದಾಟುವುದು ಸಾಮಾನ್ಯ. 25ರ ಮೇಲೆ ಏರಿದ ಪ್ರತಿ ಡಿಗ್ರಿಗೆ ಶೇ 0.35ರಷ್ಟು ಕಡಿತ ಎಂದುಕೊಂಡರೆ ಅಲ್ಲೇ ಶೇ 12 ಹೋಯಿತು. ಧೂಳು, ಕೇಬಲ್, ಇನ್ವರ್ಟರ್ ನಷ್ಟ ಸೇರಿಸಿದರೆ ಕೈಗೆ ಬರುವುದು ಶೇ 75ರಿಂದ 80. ನಾನು 0.77 ಹಿಡಿಯುತ್ತೇನೆ.

ದಿನಕ್ಕೆ 5 ಗಂಟೆಗೆ ಸಮನಾದ ಪೂರ್ಣ ಬಿಸಿಲಿದ್ದರೆ 3.24 × 5 × 0.77, ಅಂದರೆ ಸುಮಾರು 12.5 ಯೂನಿಟ್. ಮೋಡದ ತಿಂಗಳಲ್ಲಿ ಅದು ಎರಡೂವರೆ ಗಂಟೆಗೆ ಇಳಿದರೆ 6.2 ಯೂನಿಟ್. ವರ್ಷದ ಸರಾಸರಿ ನೋಡಿದರೆ ನಿಮ್ಮ ಮನೆಗೆ ಸಾಕು ಅನ್ನಿಸುತ್ತದೆ, ಆದರೆ ಮೋಡದ ತಿಂಗಳಲ್ಲಿ ಸಾಲದು. ಗ್ರಿಡ್ ಬಿಡುವ ಯೋಚನೆ ಇರುವವರು ವರ್ಷದ ಮೊತ್ತವನ್ನು ನೋಡಲೇಬಾರದು; ಅತಿ ಕೆಟ್ಟ ತಿಂಗಳಿನ ಅಂಕಿ ಮಾತ್ರ ಅವರ ಅಂಕಿ.

ಇನ್ನು ಬ್ಯಾಟರಿ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಒಂದಕ್ಕೆ 3.2 ವೋಲ್ಟ್, 16 ಸೆಲ್ ಸಾಲಾಗಿ ಜೋಡಿಸಿದರೆ 51.2 ವೋಲ್ಟ್; 100 ಆಂಪಿಯರ್-ಗಂಟೆಯದಾದರೆ 5.12 ಯೂನಿಟ್. ಪೂರ್ತಿ ಬರಿದು ಮಾಡದೆ ಶೇ 85 ಬಳಸಿ, ಇನ್ವರ್ಟರ್ ದಕ್ಷತೆ ಶೇ 94 ಹಿಡಿದರೆ ಒಟ್ಟಾರೆ 0.8ರಿಂದ ಭಾಗಿಸಿ. 7 ಯೂನಿಟ್ ರಾತ್ರಿ ಖರ್ಚಿಗೆ 8.75 ಬೇಕು, ಅಂದರೆ ಅಂಥ ಎರಡು ಬ್ಯಾಟರಿ.

ಅದು ಒಂದು ರಾತ್ರಿಗೆ. ಮೂರು ದಿನ ಪ್ಯಾನೆಲ್ ಏನೂ ಕೊಡಲಿಲ್ಲ ಎಂದುಕೊಳ್ಳಿ, 30 ಯೂನಿಟ್ಟಿಗೆ 37.5, ಅಂದರೆ ಎಂಟು ಬ್ಯಾಟರಿ. ಆ ಎಂಟರಲ್ಲಿ ಆರು ವರ್ಷದ ಬಹುಪಾಲು ದಿನ ಕೆಲಸವಿಲ್ಲದೆ ಕೂರುತ್ತವೆ. ಗ್ರಿಡ್ ತೆಗೆಸಬೇಡಿ ಎಂದು ಹೇಳುವುದು ಈ ಒಂದೇ ಕಾರಣಕ್ಕೆ.

ಆಸಿಡ್ ಬ್ಯಾಟರಿ ಆಸೆ ಇದ್ದರೆ ಇಷ್ಟು ತಿಳಿದಿರಲಿ. 12 ವೋಲ್ಟ್ 150 ಆಂಪಿಯರ್-ಗಂಟೆಯ ನಾಲ್ಕು ಬ್ಯಾಟರಿ ಸಾಲಿನಲ್ಲಿಟ್ಟರೆ ಕಾಗದದ ಮೇಲೆ 7.2 ಯೂನಿಟ್, ಆಯಸ್ಸು ಉಳಿಯಬೇಕಾದರೆ ಬಳಸಬಹುದಾದ್ದು ಅರ್ಧ. ಆ 150 ಎಂಬ ಅಂಕಿಯೂ 20 ಗಂಟೆಯಲ್ಲಿ ನಿಧಾನವಾಗಿ, 7.5 ಆಂಪಿಯರಿನಂತೆ ಇಳಿಸಿದಾಗಿನದು. ಇಂಡಕ್ಷನ್ ಹಚ್ಚಿ 2 ಕಿಲೋವ್ಯಾಟ್ ಎಳೆದರೆ 40 ಆಂಪಿಯರ್ ದಾಟುತ್ತದೆ, ಆಗ ಅಷ್ಟು ಸಿಗುವುದೇ ಇಲ್ಲ. ಸೋಲಾರ್ ಜೊತೆ ಇವು ಬೇಗ ಸಾಯುವುದಕ್ಕೆ ಕಾರಣ ಬೇರೆ. ಕೊನೆಯ ಶೇ 15-20 ಚಾರ್ಜ್ ತುಂಬಲು ಎರಡು ಮೂರು ಗಂಟೆ ನಿಧಾನವಾಗಿ ಹರಿಸಬೇಕು. ಅಷ್ಟರಲ್ಲಿ ಬಿಸಿಲು ಇಳಿದಿರುತ್ತದೆ. ದಿನವೂ ಅರೆಹೊಟ್ಟೆಯಲ್ಲಿ ಉಳಿದ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗುತ್ತಾ ಹೋಗಿ, ಒಂದೆರಡು ವರ್ಷಕ್ಕೆ ಬ್ಯಾಟರಿ ತೂಕಕ್ಕೆ ಮಾತ್ರ ಉಳಿಯುತ್ತದೆ.

ಲಿಥಿಯಂಗೂ ಒಂದು ನಿಷೇಧ ಇದೆ: 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಲಿಥಿಯಂ ಲೋಹವಾಗಿ ತಟ್ಟೆಯ ಮೇಲೆ ಕೂತುಬಿಡುತ್ತದೆ, ಆಮೇಲೆ ಸರಿಯಾಗುವುದಿಲ್ಲ. ಚಳಿ ಪ್ರದೇಶದವರು ಬ್ಯಾಟರಿಯನ್ನು ಮನೆಯೊಳಗೇ ಇಡಬೇಕು.

ಬಿಸಿನೀರು:

ಓಮ್‌ಲೆಕ್ಕ ಅವರ ಗುಣಾಕಾರ ಸರಿ, ಆದರೆ ಶುರು ಮಾಡಿದ ಜಾಗ ತಪ್ಪು ಅನ್ನುವುದು ನನ್ನ ಅಭಿಪ್ರಾಯ. ಇರುವ ರಾತ್ರಿ ಖರ್ಚಿಗೆ ಬ್ಯಾಟರಿ ಹುಡುಕುವ ಮೊದಲು ರಾತ್ರಿ ಖರ್ಚನ್ನೇ ಹಗಲಿಗೆ ದಾಟಿಸಬೇಕು. ಪಟ್ಟಿಯಲ್ಲಿ ಎದ್ದು ಕಾಣುವುದು ಗೀಸರ್. ಬೆಳಗಿನ ಜಾವ 3 ಯೂನಿಟ್ ಬ್ಯಾಟರಿಯಿಂದ ತೆಗೆದು ನೀರು ಕಾಯಿಸುವುದೆಂದರೆ ಬಿಸಿಲನ್ನು ಕರೆಂಟು ಮಾಡಿ, ಕರೆಂಟನ್ನು ರಸಾಯನ ಮಾಡಿ, ಮತ್ತೆ ಕರೆಂಟು ಮಾಡಿ, ಕೊನೆಗೆ ಬಿಸಿ ಮಾಡುವುದು. ಬಿಸಿನೀರಿನ ಟ್ಯಾಂಕೇ ಒಂದು ಬ್ಯಾಟರಿ. 100 ಲೀಟರ್ ನೀರನ್ನು 25ರಿಂದ 55 ಡಿಗ್ರಿಗೆ ಏರಿಸಲು 3.5 ಯೂನಿಟ್ ಹಿಡಿಯುತ್ತದೆ. ಸಾವಿರ ಸಲ ಕಾಯಿಸಿ ತಣಿಸಿದರೂ ನೀರಿಗೆ ಸವಕಳಿ ಇಲ್ಲ.

ಮಾಡುವುದು ಹೀಗೆ. 10-15 ಲೀಟರಿನ ಗೀಸರ್ ಇದ್ದರೆ ಈ ಕೆಲಸಕ್ಕೆ ಬಾರದು. 100 ಲೀಟರಿನ, ಸುತ್ತ 50 ಮಿಲಿಮೀಟರ್ ಫೋಮ್ ಇರುವ ಲಂಬ ಟ್ಯಾಂಕ್ ಬೇಕು. ಥರ್ಮೋಸ್ಟಾಟ್ 60 ಡಿಗ್ರಿಗೆ ಇಡಿ. ಅದಕ್ಕಿಂತ ಬಹಳ ಕೆಳಗೆ, 35-45 ಡಿಗ್ರಿಯಲ್ಲಿ ನೀರನ್ನು ದಿನಗಟ್ಟಲೆ ನಿಲ್ಲಿಸಿದರೆ ಲೀಜಿಯೋನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಟೈಮರ್ ಬೆಳಿಗ್ಗೆ 10.30ರಿಂದ ಮಧ್ಯಾಹ್ನ 1.30ಕ್ಕೆ. 2 ಕಿಲೋವ್ಯಾಟ್ ಕಾಯಿಲ್ ಆದರೆ ಸುಮಾರು ಎರಡು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಒಳ್ಳೆಯ ಟ್ಯಾಂಕ್ ದಿನಕ್ಕೆ ಕಳೆದುಕೊಳ್ಳುವುದು ಸುಮಾರು 1 ಯೂನಿಟ್. ಮಧ್ಯಾಹ್ನದಿಂದ ಬೆಳಿಗ್ಗೆ 6ರವರೆಗೆ ಲೆಕ್ಕ ಹಾಕಿದರೆ 0.7, ಅಂದರೆ 6 ಡಿಗ್ರಿ. 60ಕ್ಕೆ ಬಿಟ್ಟ ನೀರು ಬೆಳಿಗ್ಗೆ 54 ಇರುತ್ತದೆ, ಸ್ನಾನಕ್ಕೆ ತಣ್ಣೀರು ಬೆರೆಸಲೇಬೇಕು. ಪಂಪನ್ನೂ ಹಗಲಿಗೇ ಓಡಿಸಿ.

ಈಗ ರಾತ್ರಿ ಖರ್ಚು 7ರಿಂದ 3.5ಕ್ಕೆ ಇಳಿಯಿತು. 0.8ರಿಂದ ಭಾಗಿಸಿದರೆ 4.4. ಎರಡು ಬ್ಯಾಟರಿಯ ಜಾಗದಲ್ಲಿ ಒಂದೇ ಸಾಕು. ಒಂದು ಟ್ಯಾಂಕು, ಒಂದು ಟೈಮರ್, ಅಷ್ಟೇ ಬದಲಾವಣೆ.

ತಾಮ್ರತಂತಿ:

ಎರಡನೇ ಪ್ರಶ್ನೆಗೆ ಉತ್ತರ. ಸಾಮಾನ್ಯ ಆನ್-ಗ್ರಿಡ್ ಇನ್ವರ್ಟರ್ ತಾನಾಗಿ ವೋಲ್ಟೇಜ್ ಕಟ್ಟುವುದಿಲ್ಲ. ಗ್ರಿಡ್ಡಿನ ಅಲೆಯನ್ನು ನೋಡಿ, ಅದರ ತಾಳಕ್ಕೆ ಕರೆಂಟು ಸೇರಿಸುತ್ತದೆ. ತಾಳ ಹಾಕುವವರೇ ಇಲ್ಲವಾದರೆ ಅದು ನಿಲ್ಲಲೇಬೇಕು. ನಿಲ್ಲುವ ಹಾಗೆ ನಿಯಮವೂ ಇದೆ: ಗ್ರಿಡ್ ಸತ್ತ 2 ಸೆಕೆಂಡಿನೊಳಗೆ ಇನ್ವರ್ಟರ್ ಬಿಟ್ಟುಕೊಳ್ಳಬೇಕು. ಕಂಬದ ಮೇಲೆ ಲೈನ್‌ಮನ್ ಕೈಯಿಟ್ಟಿರುತ್ತಾನೆ. ಲೈನು ಆರಿದೆ ಎಂದು ನಂಬಿದವನಿಗೆ ನಮ್ಮ ಛಾವಣಿಯಿಂದ ಕರೆಂಟು ಹರಿಯಬಾರದು. ಇನ್ನೊಂದು ಅಪಾಯ, ಗ್ರಿಡ್ ವಾಪಸು ಬಂದಾಗ ಎರಡರ ಅಲೆ ಹೊಂದದಿದ್ದರೆ ಎತ್ತು ಏರಿಗೆ ಕೋಣ ನೀರಿಗೆ ಎಳೆದಂತಾಗಿ ಇನ್ವರ್ಟರಿನ ಸ್ವಿಚಿಂಗ್ ಭಾಗಗಳು ಸುಟ್ಟುಹೋಗುತ್ತವೆ.

ಕರೆಂಟು ಹೋದಾಗಲೂ ಸೋಲಾರ್ ಬೇಕಾದರೆ ಹೈಬ್ರಿಡ್ ಇನ್ವರ್ಟರ್ (ಪ್ಯಾನೆಲ್, ಬ್ಯಾಟರಿ, ಗ್ರಿಡ್ ಮೂರನ್ನೂ ನಿಭಾಯಿಸುವುದು) ಹಾಕಿ, ಅದರ ಬ್ಯಾಕಪ್ ಔಟ್‌ಪುಟ್ಟಿಗೆ ಬೇರೆಯೇ ಡಿಬಿ ಬಾಕ್ಸ್ (ವಿತರಣಾ ಪೆಟ್ಟಿಗೆ) ಮಾಡಿ, ಅಗತ್ಯದ ಲೋಡು ಮಾತ್ರ ಅಲ್ಲಿಗೆ ತನ್ನಿ: ದೀಪ, ಫ್ಯಾನು, ಫ್ರಿಜ್, ಇಂಟರ್‌ನೆಟ್ ರೂಟರ್. ಇಲ್ಲಿ ಆಗುವ ದೊಡ್ಡ ತಪ್ಪು ನ್ಯೂಟ್ರಲ್ಲಿನದು. ಬ್ಯಾಕಪ್ ಬಾಕ್ಸಿನ ಫೇಸ್ ಬೇರೆ ಮಾಡಿ, ನ್ಯೂಟ್ರಲ್ಲನ್ನು ಹಳೆಯ ಬಾಕ್ಸಿನ ಬಸ್‌ಬಾರಿನಲ್ಲೇ (ತಂತಿಗಳು ಸೇರುವ ಲೋಹದ ಪಟ್ಟಿ) ಬಿಟ್ಟಿರುತ್ತಾರೆ. ಲೀಕೇಜ್ ಬ್ರೇಕರ್ ಹೋದ ಕರೆಂಟನ್ನೂ ಬಂದ ಕರೆಂಟನ್ನೂ ಹೋಲಿಸಿ, ವ್ಯತ್ಯಾಸ ಕಂಡರೆ ಬೀಳುತ್ತದೆ; ಹೋದ ಕರೆಂಟು ಬೇರೆ ದಾರಿಯಲ್ಲಿ ವಾಪಸು ಬಂದರೆ ಅದು ಕಾರಣವಿಲ್ಲದೆ ಬೀಳುತ್ತಿದೆ ಅನ್ನಿಸುತ್ತದೆ. ಬ್ರೇಕರ್ ಬದಲಿಸಿದರೆ ಸರಿಹೋಗದು. ಬ್ಯಾಕಪ್ಪಿನ ಪ್ರತಿ ಲೋಡಿನ ನ್ಯೂಟ್ರಲ್ ಬ್ಯಾಕಪ್ ಬಾಕ್ಸಿಗೇ ಬರಬೇಕು. ಅರ್ತಿಂಗ್ ಮಾತ್ರ ಎರಡಕ್ಕೂ ಒಂದೇ.

ಪಂಪನ್ನು ಬ್ಯಾಕಪ್ಪಿಗೆ ತರಬೇಡಿ. 1 ಎಚ್‌ಪಿ ಎಂದರೆ ಶಾಫ್ಟಿನಲ್ಲಿ 746 ವ್ಯಾಟ್, ಎಳೆಯುವುದು 1.1 ಕಿಲೋವ್ಯಾಟಿನಷ್ಟು. ಆದರೆ ಶುರುವಾಗುವ ಗಳಿಗೆಯಲ್ಲಿ ಐದರಿಂದ ಏಳು ಪಟ್ಟು ಕರೆಂಟು ಬೇಡುತ್ತದೆ. 3 ಕಿಲೋವ್ಯಾಟ್ ಇನ್ವರ್ಟರ್ ಕೆಲವು ಸೆಕೆಂಡಿಗೆ ಎರಡು ಪಟ್ಟು ತಾಳಿದರೂ ಅದು 6 ಮಾತ್ರ. ಫ್ರಿಜ್ಜಿನ ಕಂಪ್ರೆಸರ್ ಅದೇ ಹೊತ್ತಿಗೆ ಎದ್ದರೆ ಇಡೀ ಮನೆ ಕತ್ತಲು. ಬ್ಯಾಕಪ್ಪಿನಲ್ಲೇ ಬೇಕೆಂದರೆ ನಿಧಾನವಾಗಿ ವೇಗ ಏರಿಸುವ ವಿಎಫ್‌ಡಿ ಡ್ರೈವ್ ಇರುವ ಪಂಪು ಆರಿಸಿ.

ಡಿಸಿ ಬದಿಯಲ್ಲಿ, ಅಂದರೆ ಪ್ಯಾನೆಲ್ಲಿನಿಂದ ಇನ್ವರ್ಟರಿನವರೆಗೆ, ನೋಡಬೇಕಾದ್ದು. ಚಳಿಗೆ ಪ್ಯಾನೆಲ್ಲಿನ ವೋಲ್ಟೇಜ್ ಏರುತ್ತದೆ, ಬಹಳ ಜನ ಉಲ್ಟಾ ಭಾವಿಸುತ್ತಾರೆ. 540 ವ್ಯಾಟ್ ಪ್ಯಾನೆಲ್ಲಿನ ತೆರೆದ ಸರ್ಕ್ಯೂಟ್ ವೋಲ್ಟೇಜ್ (ಲೋಡಿಲ್ಲದಾಗಿನದು) 25 ಡಿಗ್ರಿಯಲ್ಲಿ 49.6 ಎಂದುಕೊಳ್ಳಿ. ಡಿಗ್ರಿಗೆ ಶೇ 0.27ರಂತೆ, 5 ಡಿಗ್ರಿಯ ಮುಂಜಾನೆ ಅದು 52.3. ಆರು ಸಾಲಾಗಿದ್ದರೆ 314 ವೋಲ್ಟ್, ಚಿಂತೆಯಿಲ್ಲ. ಮುಂದೆ ಇನ್ನಾರು ತಂದು ಅದೇ ಸಾಲಿಗೆ ಸೇರಿಸಿದರೆ 628 ವೋಲ್ಟ್. 600 ವೋಲ್ಟ್ ಮಿತಿಯ ಇನ್ವರ್ಟರ್ ಒಂದು ಚಳಿಯ ಬೆಳಿಗ್ಗೆ ಶಾಶ್ವತವಾಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಪರೀಕ್ಷಿಸಿದಾಗ ಎಲ್ಲ ಸರಿಯಾಗೇ ಕಂಡಿರುತ್ತದೆ.

ಎಸಿಯ ಎಂಸಿಬಿಯನ್ನು (ತಾನೇ ಬೀಳುವ ರಕ್ಷಣಾ ಸ್ವಿಚ್) ಡಿಸಿಗೆ ಹಾಕಬಾರದು. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುತ್ತದೆ, ಸಂಪರ್ಕ ಬಿಡಿಸಿದಾಗ ಹೊತ್ತಿದ ಕಿಡಿ ಅಲ್ಲೇ ಆರುತ್ತದೆ. ಡಿಸಿ ಸೊನ್ನೆ ಮುಟ್ಟುವುದೇ ಇಲ್ಲ. ಕಿಡಿ ನಿಂತು ಉರಿಯುತ್ತದೆ. ಅದೇ ಕಾರಣಕ್ಕೆ ಲೋಡಿನಲ್ಲಿರುವಾಗ ಎಂಸಿ-4 ಕನೆಕ್ಟರ್ (ಪ್ಯಾನೆಲ್ ಕೇಬಲ್ಲುಗಳನ್ನು ಜೋಡಿಸುವ ಪ್ಲಗ್) ಎಳೆಯಬೇಡಿ: ಮೊದಲು ಇನ್ವರ್ಟರ್ ಆಫ್, ಆಮೇಲೆ ಡಿಸಿ ಐಸೊಲೇಟರ್ ಸ್ವಿಚ್, ಕೊನೆಗೆ ಕನೆಕ್ಟರ್. ಒಂದು ಕಂಪನಿಯ ಗಂಡು ಇನ್ನೊಂದು ಕಂಪನಿಯ ಹೆಣ್ಣಿಗೆ ಸಿಕ್ಕಿಕೊಳ್ಳುತ್ತದೆ, ಆದರೆ ಒಳಗಿನ ಹಿಡಿತ ಸಡಿಲ. ಅಲ್ಲಿ ಬಿಸಿಯಾಗಿ, ಪ್ಲಾಸ್ಟಿಕ್ ಕಂದಾಗಿ, ಬೆಂಕಿ ಹೊತ್ತುವ ಜಾಗ ಅದೇ. ಎರಡೂ ಒಂದೇ ಕಂಪನಿಯದಿರಲಿ, ಕ್ರಿಂಪಿಂಗ್ (ತಂತಿಯನ್ನು ಪಿನ್ನಿಗೆ ಒತ್ತಿ ಕಚ್ಚಿಸುವುದು) ಅದಕ್ಕೆಂದೇ ಇರುವ ಇಕ್ಕಳದಲ್ಲಿ ಆಗಲಿ.

ಕೊನೆಯದು, ಮಧ್ಯಾಹ್ನ 12ರ ಸುಮಾರಿಗೆ ಇನ್ವರ್ಟರ್ ಪದೇಪದೇ ಬೀಳುವ ರೋಗ. ಸುತ್ತಲಿನ ಛಾವಣಿಗಳೆಲ್ಲ ಒಟ್ಟಿಗೆ ಕರೆಂಟು ತಳ್ಳಿದಾಗ ಬೀದಿಯ ವೋಲ್ಟೇಜ್ ಏರುತ್ತದೆ. 230ರ ಮೇಲೆ ಶೇ 10, ಅಂದರೆ 253ಕ್ಕೆ ಇನ್ವರ್ಟರ್ ಕೈಬಿಡುತ್ತದೆ. ಮೀಟರಿನಿಂದ ಇನ್ವರ್ಟರಿಗೆ 30 ಮೀಟರ್ ದೂರ, 2.5 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಇದ್ದರೆ ಹೋಗಿಬರುವ ದಾರಿಯ ರೋಧ 0.44 ಓಮ್. 13 ಆಂಪಿಯರಿಗೆ 5.8 ವೋಲ್ಟ್ ಏರಿಕೆ. ಮೀಟರಿನಲ್ಲಿ 248 ಇದ್ದರೆ ಇನ್ವರ್ಟರಿಗೆ ಕಾಣುವುದು 253.8, ಬಿತ್ತು. ಅದೇ 6 ಚದರ ಮಿಲಿಮೀಟರ್ ಎಳೆದರೆ ಏರಿಕೆ 2.4 ವೋಲ್ಟ್ ಮಾತ್ರ, ನಿಲ್ಲುತ್ತದೆ. ಇನ್ವರ್ಟರ್ ಕೆಟ್ಟಿದೆ ಎಂದು ಬಿಚ್ಚುವ ಮೊದಲು ಎರಡು ತುದಿಯಲ್ಲೂ ಮಲ್ಟಿಮೀಟರ್ ಇಟ್ಟು ನೋಡಿ.

ಇರುಳುಬೆಳಕು:

ಮೂವರಿಗೂ ಧನ್ಯವಾದ. ಗೀಸರಿನ ಮಾತು ಹೊಳೆದೇ ಇರಲಿಲ್ಲ. ಇಷ್ಟು ಓದಿದ ಮೇಲೆ ಇನ್ನೊಂದು ಸಂದೇಹ. ನೀರನ್ನು ಹಗಲು ಮೇಲೇರಿಸಿ, ರಾತ್ರಿ ಛಾವಣಿಯ ಟ್ಯಾಂಕಿನಿಂದ ಕೆಳಗೆ ಬಿಟ್ಟು ಸಣ್ಣ ಟರ್ಬೈನ್ ತಿರುಗಿಸಿದರೆ ಬ್ಯಾಟರಿಯೇ ಬೇಡವಲ್ಲ? ದೊಡ್ಡ ದೊಡ್ಡ ಅಣೆಕಟ್ಟುಗಳಲ್ಲಿ ಹೀಗೇ ಮಾಡುತ್ತಾರೆ. ಹಾಗೆಯೇ, ದೇಶದ ಮಟ್ಟದಲ್ಲಿ ಗಾಳಿ, ಬಿಸಿಲು ಅಗ್ಗವಾದ ಮೇಲೂ ಅನಿಲ ದುಬಾರಿಯಾದರೆ ವಿದ್ಯುತ್ ಯಾಕೆ ದುಬಾರಿಯಾಗುತ್ತದೆ?

ಐವತ್ತು ಹರ್ಟ್ಸ್:

ಟ್ಯಾಂಕಿನದು ಮೊದಲು. 1000 ಲೀಟರ್ ನೀರು 10 ಮೀಟರ್ ಎತ್ತರದಲ್ಲಿದ್ದರೆ ಅದರಲ್ಲಿರುವುದು 27 ವ್ಯಾಟ್-ಗಂಟೆ. 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು ಮೂರು ಗಂಟೆ ಉರಿಯುವಷ್ಟು, ಅದೂ ನಷ್ಟವೇ ಇಲ್ಲದಿದ್ದರೆ. ಸಣ್ಣ ಟರ್ಬೈನಿನ ದಕ್ಷತೆ ಶೇ 60 ಹಿಡಿದರೆ ಎರಡು ಗಂಟೆಯೂ ಇಲ್ಲ. 5 ಯೂನಿಟ್ ಕೂಡಿಡಲು ಆ ಎತ್ತರದಲ್ಲಿ 184 ಟನ್ ನೀರು ಬೇಕು, ಯಾವ ಛಾವಣಿಯೂ ತಡೆಯದು. ಹಗಲಲ್ಲೇ ಟ್ಯಾಂಕು ತುಂಬಿಸಿಡಿ, ಸಂಜೆಯ ಪಂಪಿನ 0.5 ಯೂನಿಟ್ ಉಳಿಯುತ್ತದೆ. ನಿಮ್ಮ ಟ್ಯಾಂಕು ಮಾಡಬಲ್ಲ ಶೇಖರಣೆ ಅದು, ಚಿಕ್ಕದೇನಲ್ಲ.

ಅಣೆಕಟ್ಟಿನಲ್ಲಿ ಇದು ನಡೆಯುವುದು ಎತ್ತರ ಮತ್ತು ಗಾತ್ರದ ಬಲದಿಂದ. 300 ಮೀಟರ್ ಎತ್ತರದಲ್ಲಿ ಒಂದು ಘನ ಮೀಟರ್ ನೀರು 0.8 ಯೂನಿಟ್ ಹಿಡಿಯುತ್ತದೆ. 1000 ಮೆಗಾವ್ಯಾಟ್ ಘಟಕ 8 ಗಂಟೆ ಓಡಲು ಸುಮಾರು 1.1 ಕೋಟಿ ಘನ ಮೀಟರ್ ನೀರು ಮೇಲಿರಬೇಕು, ಅಷ್ಟೇ ಜಾಗ ಕೆಳಗೂ ಇರಬೇಕು. ಹಾಕಿದ್ದರಲ್ಲಿ ಶೇ 75-80 ವಾಪಸು ಬರುತ್ತದೆ. ಅಮೆರಿಕದ ಬಾತ್ ಕೌಂಟಿಯಲ್ಲಿ ಸುಮಾರು 3000 ಮೆಗಾವ್ಯಾಟಿನ ಇಂಥ ಘಟಕ 1985ರಿಂದ ಓಡುತ್ತಿದೆ. ಚೀನಾದ ಫೆಂಗ್‌ನಿಂಗ್ 3600 ಮೆಗಾವ್ಯಾಟಿನದು.

ಬೆಲೆಯ ಪ್ರಶ್ನೆ. ಬಹಳಷ್ಟು ವಿದ್ಯುತ್ ಮಾರುಕಟ್ಟೆಗಳಲ್ಲಿ ಆಯಾ ಗಂಟೆಯ ಬೇಡಿಕೆ ತುಂಬಲು ಕೊನೆಯಲ್ಲಿ ಕರೆದ ಸ್ಥಾವರದ ದರವೇ ಎಲ್ಲರ ದರ. 2021ರಲ್ಲಿ ಯುರೋಪಿಯನ್ ಒಕ್ಕೂಟ ತರಿಸಿಕೊಂಡ ಅನಿಲದಲ್ಲಿ ಶೇ 40ಕ್ಕೂ ಹೆಚ್ಚು ರಷ್ಯಾದ್ದಿತ್ತು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ದಾಳಿಯಾಗಿ, ಪೈಪಿನ ಹರಿವು ಕಡಿಮೆಯಾಗುತ್ತಾ ಹೋಗಿ, ಆಗಸ್ಟಿನಲ್ಲಿ ಅನಿಲದ ಸಗಟು ದರ ಮೆಗಾವ್ಯಾಟ್-ಗಂಟೆಗೆ 300 ಯೂರೋ ದಾಟಿತು. ಅನಿಲ ಸ್ಥಾವರದ ದಕ್ಷತೆ ಶೇ 50 ಎಂದರೂ ಅದರಿಂದ ಬಂದ ವಿದ್ಯುತ್ತಿಗೆ ಇಂಧನದ ಖರ್ಚೇ 600 ಯೂರೋ. ಸಂಜೆ 7ಕ್ಕೆ ಬಿಸಿಲಿಲ್ಲ, ಕೊನೆಯಲ್ಲಿ ಕರೆಯುವುದು ಅನಿಲವನ್ನೇ, ಹಾಗಾಗಿ ಇಡೀ ಸಂಜೆ ಆ ದರ. ಹಗಲಿಗೆ ಇನ್ನಷ್ಟು ಪ್ಯಾನೆಲ್ ಸೇರಿಸಿದರೆ ಆ ಗಂಟೆಯ ದರ ಇಳಿಯುವುದಿಲ್ಲ. ಅನಿಲದ ಸರದಿ ಬರದಂತೆ ಸಂಜೆಯನ್ನು ತುಂಬಬೇಕು: ನಾಲ್ಕು ಗಂಟೆಯ ಬ್ಯಾಟರಿ, ಅಣೆಕಟ್ಟು, ರಾತ್ರಿಯ ಗಾಳಿ, ದೂರದಿಂದ ತರುವ ಎಚ್‌ವಿಡಿಸಿ (ಅತಿ ಹೆಚ್ಚು ವೋಲ್ಟೇಜಿನ ಡಿಸಿ) ಲೈನು. ಆ ಲೈನಿನಲ್ಲಿ 1000 ಕಿಲೋಮೀಟರಿಗೆ ನಷ್ಟ ಶೇ 3ರಷ್ಟೇ. ಬಿಸಿನೀರು ಅವರು ನಿಮ್ಮ ಗೀಸರಿಗೆ ಹೇಳಿದ್ದನ್ನೇ ಊರಿಗೆ ಊರೇ ಮಾಡಿದರೆ ಇದರಲ್ಲಿ ಎಷ್ಟೋ ಭಾಗ ಕಟ್ಟುವುದೇ ಬೇಡ.

ತಾಮ್ರತಂತಿ ಅವರು ಹೇಳಿದ ಆ 2 ಸೆಕೆಂಡಿನ ರಕ್ಷಣೆಗೆ ಇನ್ನೊಂದು ಮುಖ ಇದೆ. ಕಲ್ಲಿದ್ದಲು, ಜಲ, ಅಣು ಸ್ಥಾವರಗಳಲ್ಲಿ ನೂರಾರು ಟನ್ನಿನ ರೋಟರ್ ತಿರುಗುತ್ತಿರುತ್ತದೆ. ಎಲ್ಲೋ ಒಂದು ಸ್ಥಾವರ ಬಿದ್ದರೆ ಉಳಿದ ರೋಟರುಗಳ ಜಡತ್ವವೇ ಮೊದಲ ಕೆಲವು ಸೆಕೆಂಡು ಕೊರತೆ ತುಂಬುತ್ತದೆ. ಗ್ರಿಡ್ಡಿನ ಅಲೆ ಸೆಕೆಂಡಿಗೆ 50 ಸಲ ಏಳುತ್ತದೆ, ಅದೇ ಆವರ್ತನ, 50 ಹರ್ಟ್ಸ್. ಕೊರತೆಯಾದಾಗ ಅದು ಎಷ್ಟು ಬೇಗ ಇಳಿಯುತ್ತದೆ ಎಂಬ ಲೆಕ್ಕ ಸರಳ: ಕೊರತೆಯ ಪಾಲನ್ನು 50ರಿಂದ ಗುಣಿಸಿ, ಜಡತ್ವದ ಸೆಕೆಂಡಿನ (ರೋಟರುಗಳಲ್ಲಿರುವ ಶಕ್ತಿ ಪೂರ್ಣ ಲೋಡನ್ನು ಎಷ್ಟು ಸೆಕೆಂಡು ಹೊರಬಲ್ಲದು ಎಂಬ ಅಂಕಿ) ಎರಡರಷ್ಟರಿಂದ ಭಾಗಿಸಿ. ಜಡತ್ವ 4 ಸೆಕೆಂಡು ಇದ್ದು ಶೇ 5 ಉತ್ಪಾದನೆ ಹೋದರೆ ಆವರ್ತನ ಸೆಕೆಂಡಿಗೆ 0.31 ಹರ್ಟ್ಸ್ ಇಳಿಯುತ್ತದೆ. ಬೇರೆ ಯಾರೂ ಕೈಹಚ್ಚದಿದ್ದರೆ 49 ಮುಟ್ಟಲು 3.2 ಸೆಕೆಂಡು. ರೋಟರುಗಳ ಜಾಗಕ್ಕೆ ಪ್ಯಾನೆಲ್ ಬಂದು ಜಡತ್ವ 2ಕ್ಕೆ ಇಳಿದರೆ 1.6 ಸೆಕೆಂಡು ಮಾತ್ರ.

2019ರ ಆಗಸ್ಟ್ 9ರಂದು ಬ್ರಿಟನ್ನಿನಲ್ಲಿ ಆದದ್ದು ಇದಕ್ಕೆ ಕನ್ನಡಿ. ಸಂಜೆ 5ಕ್ಕೆ ಮುಂಚೆ ಪ್ರಸರಣ ಲೈನಿಗೆ ಸಿಡಿಲು ಬಡಿಯಿತು. ಅಷ್ಟಕ್ಕೇ ಏನೂ ಆಗಬೇಕಿರಲಿಲ್ಲ. ಆದರೆ ಹಾರ್ನ್‌ಸೀ ಕಡಲ ಗಾಳಿ ಘಟಕ ನಿಯಂತ್ರಣ ತಪ್ಪಿ 737 ಮೆಗಾವ್ಯಾಟ್ ಬಿಟ್ಟಿತು, ಲಿಟಲ್ ಬಾರ್‌ಫರ್ಡ್ ಅನಿಲ ಸ್ಥಾವರದ ಟರ್ಬೈನೂ ಬಿತ್ತು. ಅದರ ಮೇಲೆ ಊರೂರಲ್ಲಿ ಹರಡಿದ್ದ ಸಣ್ಣ ಘಟಕಗಳು ಆವರ್ತನದ ಜಿಗಿತ ಕಂಡು, ಗ್ರಿಡ್ ಸತ್ತಿದೆ ಎಂದು ತಿಳಿದು, ನೂರಾರು ಮೆಗಾವ್ಯಾಟ್ ಕಳಚಿಕೊಂಡವು. ಲೈನ್‌ಮನ್ನನ್ನು ಕಾಯುವ ರಕ್ಷಣೆಯೇ ಗ್ರಿಡ್ಡಿಗೆ ಕೊರತೆ ಹೆಚ್ಚಿಸಿತು. ಆವರ್ತನ 48.8ಕ್ಕೆ ಇಳಿದು, ಸುಮಾರು 10 ಲಕ್ಷ ಗ್ರಾಹಕರ ಕರೆಂಟು ತಾನಾಗಿ ಕಡಿತವಾಯಿತು. ಪರಿಹಾರ ರಕ್ಷಣೆ ಕಿತ್ತುಹಾಕುವುದಲ್ಲ, ಅದರ ಮಿತಿ ಸಡಿಲಿಸುವುದು: ಸಣ್ಣ ಜಿಗಿತಕ್ಕೆ ಬೆದರದೆ, ನಿಜವಾಗಿ ಗ್ರಿಡ್ ಸತ್ತಾಗ ಮಾತ್ರ ಬಿಡಬೇಕು.

ಇನ್ನೊಂದು ದಾರಿ ತಾನೇ ತಾಳ ಹಾಕುವ, ಗ್ರಿಡ್ ಕಟ್ಟುವ ಇನ್ವರ್ಟರುಗಳನ್ನು ದೊಡ್ಡ ಬ್ಯಾಟರಿಗಳಿಗೆ ಕೊಡುವುದು. ದಕ್ಷಿಣ ಆಸ್ಟ್ರೇಲಿಯಾ 2016ರ ಸೆಪ್ಟೆಂಬರಿನಲ್ಲಿ ಬಿರುಗಾಳಿಗೆ ಪೂರ್ತಿ ಕತ್ತಲಾಗಿತ್ತು. ಮರುವರ್ಷವೇ ಅಲ್ಲಿ ಹಾರ್ನ್ಸ್‌ಡೇಲ್ ಬ್ಯಾಟರಿ 100 ಮೆಗಾವ್ಯಾಟಿನೊಂದಿಗೆ ಶುರುವಾಯಿತು. ಜೊತೆಗೆ ಇಂಧನವಿಲ್ಲದೆ ಬರಿದೇ ತಿರುಗಿ ಜಡತ್ವ ಕೊಡುವ ಸಿಂಕ್ರನಸ್ ಕಂಡೆನ್ಸರುಗಳನ್ನೂ ಅಲ್ಲಿ ನಿಲ್ಲಿಸಿದ್ದಾರೆ. ಆದ್ದರಿಂದ ಹೊಸ ಇನ್ವರ್ಟರ್ ತರುವಾಗ ನಿಮ್ಮ ಗ್ರಿಡ್ಡಿನ ಈಗಿನ ನಿಯಮಾವಳಿಯನ್ನು ಆರಿಸಿ ಚಾಲೂ ಮಾಡಲು ಹೇಳಿ. ಪೆಟ್ಟಿಗೆಯಿಂದ ತೆಗೆದ ಸೆಟ್ಟಿಂಗಿನಲ್ಲೇ ಬಿಡುವುದು ಬಹಳ ಕಡೆ ನಡೆಯುತ್ತದೆ.

ಓಮ್‌ಲೆಕ್ಕ:

ಬಿಸಿನೀರು ಅವರ ಮಾತು ಒಪ್ಪಿದೆ, ಲೋಡು ದಾಟಿಸುವುದೇ ಮೊದಲ ಹೆಜ್ಜೆ. ಒಂದು ತಿದ್ದುಪಡಿ ಮಾತ್ರ, ನನ್ನ ಲೆಕ್ಕಕ್ಕೂ ಅನ್ವಯಿಸುತ್ತದೆ. ಹೈಬ್ರಿಡ್ ಇನ್ವರ್ಟರ್ ಏನೂ ಲೋಡಿಲ್ಲದಿದ್ದರೂ ತಾನೇ 40 ವ್ಯಾಟಿನಷ್ಟು ತಿನ್ನುತ್ತದೆ. ರಾತ್ರಿಯ 14 ಗಂಟೆಗೆ 0.56 ಯೂನಿಟ್. 3.5ಕ್ಕೆ ಸೇರಿಸಿ 0.8ರಿಂದ ಭಾಗಿಸಿದರೆ 5.07, 5.12ರ ಬ್ಯಾಟರಿ ಅಂಚಿಗೆ ಬಂದು ನಿಲ್ಲುತ್ತದೆ. ನಾಲ್ಕೈದು ವರ್ಷಕ್ಕೆ ಸಾಮರ್ಥ್ಯ ಶೇ 10 ಕುಸಿದರೆ ಬೆಳಗಿನ ಒಂದೆರಡು ಗಂಟೆ ಗ್ರಿಡ್ಡಿನಿಂದ ತೆಗೆದುಕೊಳ್ಳಬೇಕಾಗುತ್ತದೆ. ಗ್ರಿಡ್ ಉಳಿಸಿಕೊಂಡವರಿಗೆ ಅದು ತೊಂದರೆಯಲ್ಲ. ಈಗ ಒಂದೇ ಬ್ಯಾಟರಿ ಹಾಕಿಸಿ, ಆದರೆ ಎರಡನೆಯದನ್ನು ಸಮಾನಾಂತರವಾಗಿ ಸೇರಿಸಲು ಬರುವ ಮಾದರಿ ಆರಿಸಿ. ಬ್ಯಾಟರಿ ಕೇಬಲ್ ಈಗಲೇ 35 ಚದರ ಮಿಲಿಮೀಟರಿನದು ಎಳೆಸಿ, ಬ್ಯಾಟರಿಯ ಪ್ಲಸ್ ತುದಿಗೆ ಆದಷ್ಟು ಹತ್ತಿರದಲ್ಲೇ ಡಿಸಿ ಫ್ಯೂಸ್ ಇರಲಿ. ಗೋಡೆಯ ಮೇಲೆ ಇನ್ನೊಂದಕ್ಕೆ ಅರ್ಧ ಮೀಟರ್ ಜಾಗ ಬಿಟ್ಟಿರಿ.